ನೀರಿಗೆ ಬೈಗುಳ ಗೊತ್ತಿಲ್ಲ

ಅಕ್ಕಂದ್ರೆ, ತಂಗ್ಯಂದ್ರೆ, ಈ ಸಲ ಅಡುಗೆ ಮನೆ ಬಿಟ್ಟು ಸ್ವಲ್ಪ ನೀರಿನ ಕಡೆ ಹೋಗಾನ.

ನಮ್ಮ ಕಡೆ ಯಾವ ಮದುವೆ ಮನೆಗೆ ಹೋಗ್ರಿ, ಯಾವ ತಿಥಿ ಮನೆಗೆ ಹೋಗ್ರಿ, ಒಂದು ಮಗು ಬಗ್ಗೆ ಈ ಮಾತು ಬಂದೇ ಬರುತ್ತೆ: "ಅಯ್ಯೋ, ಒಂದು ಗಳಿಗೆ ಕುಂತ ಜಾಗದಾಗೆ ಕೂರಲ್ಲ ಕಣಮ್ಮ ಇವ್ನು." ಹಾಸಿಗೆ ರಾಶಿ ಕಂಡ್ರೆ ಹೋಗಿ ಧುಮುಕ್ತಾನೆ, ಗೋಡೆಗೆ ಮೈ ಗುದ್ದಿಕೊಳ್ತಾನೆ, ಕರೆದ್ರೆ ತಿರುಗಲ್ಲ. ಇನ್ನೊಂದು ಮಗು ಇದಕ್ಕೆ ತದ್ವಿರುದ್ಧ. ಜಾತ್ರೆಯಾಗೆ ಉರುಮೆ ಬಾರಿಸಿದ್ರೆ ಕಿವಿ ಮುಚ್ಚಿಕೊಂಡು ಚೀರುತ್ತೆ, ಮಿಕ್ಸಿ ಹಾಕಿದ್ರೆ ಮನೆ ಬಿಟ್ಟು ಓಡುತ್ತೆ, ಅಂಗಿ ಕಾಲರಿನ ಚೀಟಿ ಚುಚ್ಚುತ್ತೆ ಅಂತ ಅಂಗಿನೇ ಬಿಚ್ಚಿ ಎಸೆಯುತ್ತೆ, ಮುದ್ದೆ ಬೆರಳಿಗೆ ಅಂಟಿದ್ರೆ ಊಟಾನೇ ಬಿಡುತ್ತೆ. ಇಬ್ಬರಿಗೂ ನಾವು ಕೊಡೋ ಔಷಧಿ ಒಂದೇ: ಬೈಗುಳ. ಅದು ಸಾಲದೇ ಬಂದ್ರೆ ಎರಡೇಟು.

ನಾನು ಹೇಳಾಕೆ ಹೊರಟಿರೋದು ಇಷ್ಟೇ. ಇಂಥ ಮಕ್ಕಳನ್ನ ನೀರಿಂದ ದೂರ ಇಡಬೇಡ್ರಿ, ಈಜು ಕಲಿಸ್ರಿ. ಬೇರೆ ಮಕ್ಕಳಿಗೆ ಈಜು ಆಟ ಇರಬಹುದು. ಇವರಿಗೆ ಮಾತ್ರ ಅದು ಆಟನೂ ಹೌದು, ಸಮಾಧಾನನೂ ಹೌದು, ಪ್ರಾಣ ಉಳಿಸೋ ವಿದ್ಯೆನೂ ಹೌದು.

ನಮ್ಮ ತಂಗಿ ಮಗನಿಗೆ ಈಗ ಒಂಬತ್ತು ವರ್ಷ. ಅವನ ಹೆಸರು ಇಲ್ಲಿ ಬರೆಯಲ್ಲ, ದೊಡ್ಡವನಾದ ಮೇಲೆ ಅವನೇ ಬೇಕಂದ್ರೆ ಬರ್ಕೊಳ್ಳಲಿ. ಗಮನ ನಿಲ್ಲಲ್ಲ, ಗದ್ದಲ ತಡೆಯಲ್ಲ, ಮೈ ಸದಾ ಏನಾದ್ರೂ ಒತ್ತಡ ಬೇಡುತ್ತೆ. ಎರಡು ಬೇಸಿಗೆಯಿಂದ ದುರ್ಗದ ಬಸ್ಸು ಹತ್ತಿಸಿಕೊಂಡು ಈಜು ಕಲಿಸಾಕೆ ಕರ್ಕೊಂಡು ಹೋಗ್ತಾ ಇದೀವಿ. ಬಸ್ಸಿನಾಗೆ ಹತ್ತು ಸಲ ಎದ್ದು ಕೂರೋ ಹುಡ್ಗ ನೀರಾಗೆ ಇಳಿದ ಮೇಲೆ ಗೋಡೆಯಿಂದ ಗೋಡೆಗೆ ಹೋಗಿ ಬರೋದು ನೋಡಬೇಕು ನೀವು. ಅದೇ ಹುಡ್ಗ, ಅದೇ ಕೈಕಾಲು. ಬದಲಾಗಿದ್ದು ಅವನ ಸುತ್ತ ಇರೋದು ಮಾತ್ರ.

ಯಾಕೆ ಹಿಂಗೆ ಅಂತ ತಿಳ್ಕೊಂಡ್ರೆ ನಮಗೆ ಬೈಯಾಕೆ ಬಾಯಿ ಬರಲ್ಲ. ಶಾಲೆಯಾಗೆ ನಾವೆಲ್ಲ ಪಂಚೇಂದ್ರಿಯ ಅಂತ ಐದು ಕಲಿತ್ವಿ. ಆದ್ರೆ ಮೈಗೆ ಇನ್ನೂ ಕೆಲವು ಅರಿವು ಅವೆ. ಒಂದು, ಕಿವಿ ಒಳಗಿಂದ ಬರೋ ಸಮತೋಲದ ಅರಿವು. ನಾನು ನೆಟ್ಟಗಿದೀನಾ, ವಾಲಿದೀನಾ, ತಿರುಗ್ತಾ ಇದೀನಾ ಅಂತ ಅದು ಹೇಳುತ್ತೆ. ಇನ್ನೊಂದು, ಕೀಲು ಮತ್ತೆ ಮಾಂಸಖಂಡದಿಂದ ಬರೋ ಅರಿವು. ಕಣ್ಣು ಮುಚ್ಚಿಕೊಂಡು ಜಡೆ ಹೆಣೀತೀವಲ್ಲ, ಕೈ ಎಲ್ಲೈತೆ ಅಂತ ನೋಡದೇನೇ ಗೊತ್ತಾಗುತ್ತಲ್ಲ, ಅದು. ಕೆಲವು ಮಕ್ಕಳಿಗೆ ಈ ಸುದ್ದಿಗಳು ಸರಿಯಾದ ಅಳತೆಯಾಗೆ ಮುಟ್ಟಲ್ಲ. ಕಮ್ಮಿ ಮುಟ್ಟಿದ್ರೆ ಹುಡುಕಿಕೊಂಡು ಹೋಗಿ ಗುದ್ದಾಡ್ತಾವೆ, ಹಾರ್ತಾವೆ. ಜಾಸ್ತಿ ಮುಟ್ಟಿದ್ರೆ ಕಿವಿ ಮುಚ್ಚಿಕೊಳ್ತಾವೆ, ಓಡ್ತಾವೆ. ಆಟಿಸಂ ಇರೋ ಮಕ್ಕಳಲ್ಲಿ, ಎಡಿಎಚ್‌ಡಿ ಅಂತ ಕರೆಯೋ ಗಮನದ ತೊಂದ್ರೆ ಇರೋ ಮಕ್ಕಳಲ್ಲಿ ಇದು ಬಹಳ ಕಾಣುತ್ತೆ. ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿನ ಪ್ರಕಾರ 2021ರಲ್ಲಿ ಜಗತ್ತಿನಾಗೆ 127 ಜನಕ್ಕೆ ಒಬ್ಬರಿಗೆ ಆಟಿಸಂ ಇತ್ತು. ಅಂದ್ರೆ ನಮ್ಮಂಥ ಪ್ರತಿ ಊರಾಗೂ ಇಂಥ ಮಕ್ಕಳು ಇದ್ದೇ ಇರ್ತಾರೆ. ತಾಯಿ ಮುದ್ದು ಮಾಡಿದ್ದಕ್ಕೆ ಬಂದಿದ್ದಲ್ಲ, ಮೊಬೈಲು ಕೊಟ್ಟಿದ್ದಕ್ಕೆ ಹುಟ್ಟಿದ್ದೂ ಅಲ್ಲ.

ಈಗ ನೀರು ಏನ್ ಮಾಡುತ್ತೆ ನೋಡ್ರಿ. ಚಳಿಗಾಲದಾಗೆ ಅಜ್ಜಿ ಹೊಲಿದ ಕೌದಿ ಹೊದ್ದರೆ ಮೈ ಹೆಂಗೆ ಹಗುರಾಗಿ ನಿದ್ದೆ ಬರುತ್ತೆ? ಭಾರ ಮೈಮೇಲೆಲ್ಲ ಸಮನಾಗಿ ಕುಂತಿರುತ್ತೆ, ಅದಕ್ಕೆ. ಬಾಣಂತಿ ಕೋಣೆಯಾಗೆ ಹಸುಗೂಸನ್ನ ಬಟ್ಟೆಯಾಗೆ ಬಿಗಿಯಾಗಿ ಸುತ್ತಿ ಮಲಗಿಸ್ತೀವಲ್ಲ, ಅದೂ ಇದೇ ಲೆಕ್ಕ. ಕುತ್ತಿಗೆವರೆಗೆ ನೀರಾಗೆ ನಿಂತ ಮಗೂಗೆ ನಾಲ್ಕೂ ದಿಕ್ಕಿಂದ ನೀರು ಒತ್ತುತ್ತೆ. ಯಾರೂ ಹಿಡ್ಕೊಂಡಿಲ್ಲ, ಆದ್ರೂ ಹಿಡ್ಕೊಂಡಂಗೆ ಇರುತ್ತೆ. ಜನ ಮುಟ್ಟಿದ್ರೆ ಆಗದ ಮಗೂಗೂ ಈ ಅಪ್ಪುಗೆ ಆಗಿಬರಬಹುದು, ಯಾಕಂದ್ರೆ ನೀರು ತಟ್ಟನೆ ಬಂದು ಕೆನ್ನೆ ಚಿವುಟಲ್ಲ.

ಮೈ ಭಾರನೂ ಇಳಿಯುತ್ತೆ. ಸೊಂಟದವರೆಗೆ ನೀರಿದ್ರೆ ಕಾಲ ಮೇಲೆ ಬೀಳೋ ಭಾರ ಸುಮಾರು ಅರ್ಧ ಆಗುತ್ತೆ, ಕುತ್ತಿಗೆವರೆಗೆ ಇದ್ರೆ ಹತ್ತರಲ್ಲಿ ಒಂದು ಪಾಲಿಗೆ ಬರುತ್ತೆ. ನೆಲದ ಮೇಲೆ ಎಡವೋ, ಓಡಿದ್ರೆ ಬೀಳೋ ಮಗು ನೀರಾಗೆ ಬಿದ್ದು ಮಂಡಿ ಒಡ್ಕೊಳ್ಳಲ್ಲ. ಇನ್ನೊಂದು ಮಾತು, ನೀರು ಗಾಳಿಗಿಂತ ಸುಮಾರು 800 ಪಟ್ಟು ದಟ್ಟ. ಕೈ ಬೀಸಿದ್ರೆ ನೀರು ತಿರುಗಿ ತಳ್ಳುತ್ತೆ. ಹಂಗಾಗಿ "ನಿನ್ನ ಕೈ ಇಲ್ಲೈತೆ, ಕಾಲು ಅಲ್ಲೈತೆ" ಅಂತ ಪ್ರತಿ ಸಲನೂ ಮೈಗೆ ಸುದ್ದಿ ಹೋಗ್ತಾನೇ ಇರುತ್ತೆ. ಗೋಡೆಗೆ ಗುದ್ದಿ ಹುಡುಕ್ತಿದ್ದ ಸುದ್ದಿ ನೀರಾಗೆ ಪುಗಸಟ್ಟೆ ಸಿಗುತ್ತೆ.

ಮೂರನೇದು ಸದ್ದು. ಕಿವಿ ನೀರೊಳಗೆ ಹೋದ ತಕ್ಷಣ ಮೇಲಿನ ಗದ್ದಲ ಅಡಗುತ್ತೆ. ನಮ್ಮ ಮಾತು ಗಾಳಿಯಿಂದ ನೀರಿಗೆ ಇಳಿಯೋದು ಬಹಳ ಕಮ್ಮಿ, ಹೆಚ್ಚಿನ ಪಾಲು ಮೇಲಿಂದ ಮೇಲೇ ವಾಪಸ್ಸು ಹೋಗುತ್ತೆ. "ಹಂಗೆ ಮಾಡು, ಹಿಂಗೆ ಮಾಡು, ನೆಟ್ಟಗೆ ನಿಲ್ಲು" ಅನ್ನೋ ನಮ್ಮ ಬಾಯಿಗೂ ಅಲ್ಲಿ ರಜ. ಅದಕ್ಕೇ ನಾನು ನೀರಿಗೆ ಬೈಗುಳ ಗೊತ್ತಿಲ್ಲ ಅನ್ನೋದು.

ನಾಲ್ಕನೇದು ಗಮನ. ಕಬಡ್ಡಿ, ಖೋಖೋ ನಮ್ಮ ಆಟಗಳೇ, ಚೆನ್ನಾಗೇ ಅವೆ. ಆದ್ರೆ ಗಮನದ ತೊಂದ್ರೆ ಇರೋ ಮಗೂಗೆ ಅಲ್ಲಿ ಎಷ್ಟೊಂದು ಕೆಲಸ ನೋಡ್ರಿ. ಸರದಿಗೆ ಕಾಯಬೇಕು, ಎದುರಾಳಿ ಎತ್ತ ಹೋಗ್ತಾನೆ ಊಹಿಸಬೇಕು, ಜತೆಯವರು ಕೂಗೋದು ಕೇಳಬೇಕು, ನಿಯಮ ನೆನಪಿಡಬೇಕು. ಒಂದು ತಪ್ಪಿದ್ರೆ ಇಡೀ ಗುಂಪಿನ ಕೈಲಿ ಬೈಸ್ಕೊಬೇಕು. ಈಜಿನಾಗೆ ಕೈ, ಕಾಲು, ಉಸಿರು, ಮತ್ತೆ ಕೈ, ಕಾಲು, ಉಸಿರು. ಅದೇ ತಾಳ. ಆ ಕಡೆ ಗೋಡೆ ಬಂತಾ, ಒಂದು ಸಲ ಆಯ್ತು. ಎಲ್ಲಿ ಶುರು, ಎಲ್ಲಿ ಮುಗೀತು ಅಂತ ಯಾರೂ ವಿವರಿಸಬೇಕಿಲ್ಲ. ತಪ್ಪಿದ್ರೆ ಮೂಗಿಗೆ ನೀರು ಹೋಗುತ್ತೆ, ಅಷ್ಟೇ. ಮಗು ತಾನೇ ತಿದ್ದಿಕೊಳ್ಳುತ್ತೆ.

ಇದು ನನ್ನ ಮನೆ ಮಾತು ಮಾತ್ರ ಅಲ್ಲ. ಅಮೆರಿಕದ ಮೈಕೆಲ್ ಫೆಲ್ಪ್ಸ್ ಹೆಸರು ನಿಮ್ಮ ಮಕ್ಕಳನ್ನ ಕೇಳ್ರಿ, ಹೇಳ್ತಾರೆ. 1985ರಲ್ಲಿ ಹುಟ್ಟಿದವನು, ಒಂಬತ್ತನೇ ವಯಸ್ಸಿಗೆ ಎಡಿಎಚ್‌ಡಿ ಅಂತ ಗುರುತಾಯ್ತು. ಶಾಲೆಯಾಗೆ ಕೂರಾಕೆ ಆಗ್ತಿರಲಿಲ್ಲ. ಈಜು ಕಲಿಯಾಕೆ ಹೋದಾಗ ಮುಖ ನೀರಾಗೆ ಅದ್ದಾಕೆ ಇಷ್ಟ ಇರಲಿಲ್ಲ, ಅದಕ್ಕೆ ಅಂಗಾತ ಈಜೋದ್ರಿಂದ ಶುರು ಮಾಡಿಸಿದ್ರು. ಅದೇ ಹುಡ್ಗ ಮುಂದೆ ಒಲಿಂಪಿಕ್ಸ್‌ನಾಗೆ 28 ಪದಕ ಗೆದ್ದ, ಅದರಲ್ಲಿ 23 ಚಿನ್ನ. ನನಗೆ ಚಿನ್ನದ ಲೆಕ್ಕಕ್ಕಿಂತ ಆ ಅಂಗಾತ ಮಲಗಿಸಿದ ಮಾತೇ ದೊಡ್ಡದು. ಮಗು ಒಪ್ಪೋ ಬಾಗಿಲಿಂದ ಒಳಗೆ ಕರ್ಕೊಂಡ್ರು.

ನಮ್ಮ ದೇಶದಾಗೇ ಮುಂಬೈನ ಜಿಯಾ ರಾಯ್ ಅನ್ನೋ ಹುಡುಗಿ. ನೌಕಾಪಡೆಯಲ್ಲಿರೋರ ಮಗಳು, ಆಟಿಸಂ ಐತೆ. ಚಿಕಿತ್ಸೆ ಅಂತ ಶುರು ಮಾಡಿದ ಈಜು ಅವಳನ್ನ ಸಮುದ್ರಕ್ಕೇ ಕರ್ಕೊಂಡು ಹೋಯ್ತು. 2022ರ ಮಾರ್ಚ್‌ನಾಗೆ ಶ್ರೀಲಂಕಾದ ತಲೈಮನ್ನಾರ್‌ನಿಂದ ನಮ್ಮ ಧನುಷ್ಕೋಡಿಗೆ 29 ಕಿಲೋಮೀಟರು 13 ಗಂಟೆ 10 ನಿಮಿಷದಾಗೆ ಈಜಿದಳು. ನಮ್ಮ ಬೆಂಗಳೂರಿನ ನಿರಂಜನ್ ಮುಕುಂದನ್ ತೊಂದ್ರೆ ಬೇರೆ, ಅವರಿಗೆ ಹುಟ್ಟಿನಿಂದ ಬೆನ್ನುಹುರಿ ಮತ್ತೆ ಪಾದದ ಸಮಸ್ಯೆ. ಅವರಿಗೂ ನೀರಿಗಿಳಿಸ್ರಿ ಅಂತ ಹೇಳಿದ್ದು ಡಾಕ್ಟರೇ. ಟೋಕಿಯೋ ಪ್ಯಾರಾಲಿಂಪಿಕ್ಸ್‌ವರೆಗೆ ಹೋದರು. ನಮ್ಮ ಮಕ್ಕಳು ಪದಕ ತರಲಿ ಅಂತ ಇದನ್ನ ಹೇಳ್ತಿಲ್ಲ. ನೆಲದ ಮೇಲೆ "ಕೈಲಾಗಲ್ಲ" ಅನ್ನಿಸಿಕೊಂಡೋರಿಗೆ ನೀರು ಬೇರೆ ಲೆಕ್ಕ ಹಾಕುತ್ತೆ ಅಂತ ಹೇಳಾಕೆ ಅಷ್ಟೇ.

ಒಂದು ಮಾತು ಸ್ಪಷ್ಟ ಇರಲಿ. ಈಜು ಆಟಿಸಂ ವಾಸಿ ಮಾಡಲ್ಲ, ಎಡಿಎಚ್‌ಡಿ ಓಡಿಸಲ್ಲ. ಮಾತಿನ ತರಬೇತಿ, ಡಾಕ್ಟರು ಕೊಟ್ಟ ಮಾತ್ರೆ ಯಾವುದನ್ನೂ ಈಜಿನ ಹೆಸರು ಹೇಳಿ ನಿಲ್ಲಿಸಬೇಡ್ರಿ. ಆಟಿಸಂ ಇರೋ ಮಕ್ಕಳಿಗೆ ಮೂರ್ಛೆ ರೋಗನೂ ಜತೆಗೆ ಇರೋದುಂಟು, ಅದಕ್ಕೇ ನೀರಿಗೆ ಇಳಿಸೋ ಮುಂಚೆ ಡಾಕ್ಟರನ್ನ ಕೇಳಲೇಬೇಕು. ಮತ್ತೆ ಕೆಲವು ಮಕ್ಕಳಿಗೆ ನೀರೇ ಹಿಂಸೆ. ಅಂಥವರಿಗೆ ಬಲವಂತ ಬೇಡ, ಅವರಿಗೆ ಒಪ್ಪೋದು ಬೇರೆ ಏನೋ ಇರುತ್ತೆ.

ಈಗ ನಮ್ಮ ಮನೆ ದೊಡ್ಡವರ ಎರಡು ಮಾತಿಗೆ ಬರ್ತೀನಿ. ಗಂಡಸರದು ಒಂದು ಮಾತು: "ಬಾವಿಗೆ ತಳ್ಳು, ತಾನೇ ಈಜು ಬರುತ್ತೆ. ನಾವೆಲ್ಲ ಹಂಗೇ ಕಲಿತಿದ್ದು." ದೊಡ್ಡಪ್ಪಂದ್ರೆ, ಮಾವಂದ್ರೆ, ನಿಮಗೆ ಬಂತು, ಒಪ್ಪಿದೆ. ತಟ್ಟನೆ ಬಂದಿದ್ದನ್ನ ತಡೆಯಾಕೆ ಆಗದ ಮಗೂನ ತಳ್ಳಿದ್ರೆ ಅದು ಕಲಿಯೋದು ಈಜಲ್ಲ, ನಿಮ್ಮನ್ನ ನಂಬಬಾರದು ಅನ್ನೋದು. ಹೆಂಗಸರದು ಇನ್ನೊಂದು ಮಾತು: "ಜಾತಕದಾಗೆ ಜಲಕಂಟಕ ಐತಂತೆ, ನೀರಿನ ಹತ್ರ ಬಿಡಬೇಡ." ಜಾತಕ ನೋಡಿಸೋರನ್ನ ನಾನು ಆಡಿಕೊಳ್ಳಲ್ಲ. ಕೇಳೋದು ಒಂದೇ. ಹಾವಿನ ಭಯ ಇದ್ರೆ ಬ್ಯಾಟರಿ ಹಿಡ್ಕೊಂಡು ಹೋಗ್ತೀವಾ, ಕತ್ತಲಾಗೆ ಕಣ್ಣು ಮುಚ್ಚಿಕೊಂಡು ನಡೀತೀವಾ? ಜಲಕಂಟಕ ಇರೋ ಮಗೂಗೇ ಈಜು ಮೊದಲು ಬೇಕು.

ಯಾಕೆ ಇಷ್ಟು ಒತ್ತಿ ಹೇಳ್ತೀನಿ ಅಂದ್ರೆ, ಇಂಥ ಎಷ್ಟೋ ಮಕ್ಕಳು ನೀರು ಕಂಡ್ರೆ ತಾವಾಗೇ ಹೋಗ್ತಾವೆ. ಹೇಳದೆ ಕೇಳದೆ ಮನೆಯಿಂದ ಹೊರಟುಬಿಡ್ತಾವೆ, ಅಪಾಯ ಅನ್ನೋದು ತಲೆಗೆ ಹೋಗಲ್ಲ. ಕೊಲಂಬಿಯಾ ವಿಶ್ವವಿದ್ಯಾಲಯದವರು ಅಮೆರಿಕದ ಸಾವಿನ ದಾಖಲೆಗಳನ್ನ ನೋಡಿ 2017ರಲ್ಲಿ ಪ್ರಕಟಿಸಿದ ಲೆಕ್ಕ ಓದಿದಾಗ ನನ್ನ ಎದೆ ಝಲ್ ಅಂತು. ಆಟಿಸಂ ಇರೋ 15 ವರ್ಷದೊಳಗಿನ ಮಕ್ಕಳು ನೀರಾಗೆ ಮುಳುಗಿ ಸಾಯೋ ಸಾಧ್ಯತೆ ಬೇರೆ ಮಕ್ಕಳಿಗಿಂತ 160 ಪಟ್ಟು ಜಾಸ್ತಿ ಅಂತ. ಅದು ಅಲ್ಲಿನ ಲೆಕ್ಕ, ಸರಿ. ಆದ್ರೆ ನೀರಿನ ಸೆಳೆತ ಎಲ್ಲಾ ಕಡೆ ಒಂದೇ.

ನಮ್ಮ ಸೀಮೆ ಕಥೆ ಸ್ವಲ್ಪ ನೆನೆಸ್ಕೊಳ್ರಿ. ನಮ್ಮ ಅಪ್ಪಂದ್ರು ಒಣಗಿದ ಸೋರೆ ಬುರುಡೆನೋ ಕತ್ತಾಳೆ ಬೆಂಡೋ ಸೊಂಟಕ್ಕೆ ಕಟ್ಟಿಕೊಂಡು ತೋಟದ ಬಾವಿಯಾಗೆ ಈಜು ಕಲಿತೋರು. ಬೋರು ಬಂದ ಮೇಲೆ ಬಾವಿ ಬತ್ತಿದವು. ಬಾವಿ ಜತೆಗೆ ಈಜೂ ಬತ್ತಿತು. ನೀರು ಕಾಣದ ಜನ ನಾವು. 2022ರಲ್ಲಿ ಹಿರಿಯೂರಿನ ವಾಣಿ ವಿಲಾಸ ಸಾಗರ 89 ವರ್ಷದ ಮೇಲೆ ಕೋಡಿ ಬಿದ್ದಾಗ ಜಾತ್ರೆಗೆ ಹೋದಂಗೆ ನೋಡಾಕೆ ಹೋಗಿದ್ವಿ. ಈಗ ನೀರು ಬೇರೆ ರೂಪದಾಗೆ ಮನೆ ಹತ್ರಕ್ಕೇ ಬಂದೈತೆ. 2014ರಲ್ಲಿ ಕೃಷಿ ಭಾಗ್ಯ ಶುರುವಾದ ಮೇಲೆ ಹೊಲ ತೋಟದಾಗೆ ಕೃಷಿ ಹೊಂಡ ಎದ್ದವು. ಅಡಿಕೆ ಬೆಳೆಯೋರು ಬೋರಿನ ನೀರು ತುಂಬಾಕೂ ಹೊಂಡ ಮಾಡಿಸ್ತಾರೆ. ರೈತರಿಗೆ ಅದು ಬೇಕೇ ಬೇಕು, ನಾನು ಬೇಡ ಅನ್ನಲ್ಲ. ಆದ್ರೆ ಒಳಗೆ ಹಾಸಿರೋ ಪ್ಲಾಸ್ಟಿಕ್ ಹಾಳೆ ಪಾಚಿ ಕಟ್ಟಿ ಜಾರುತ್ತೆ. ಬಿದ್ದವರಿಗೆ ಹಿಡ್ಕೊಳ್ಳಾಕೆ ಮೆಟ್ಟಿಲಿಲ್ಲ, ಗಿಡ ಇಲ್ಲ, ಕಲ್ಲಿಲ್ಲ. ಈಜು ಬರೋ ದೊಡ್ಡವರೇ ಮೇಲೆ ಹತ್ತಾಕೆ ಒದ್ದಾಡ್ತಾರೆ. ಈಜು ಬಲ್ಲೋರು ಕಮ್ಮಿ ಆದ ಕಾಲಕ್ಕೆ ಆಳದ ನೀರು ಜಾಸ್ತಿ ಆಗೈತೆ. ಇದರ ಮಧ್ಯೆ ನೀರು ಕಂಡ್ರೆ ಓಡೋ ಮಗು ಬೆಳೀತಾ ಐತೆ.

ಅದಕ್ಕೆ ಹೊಂಡ ಇರೋ ಮನೆಯವರಿಗೆ ನನ್ನ ಮೊದಲ ಕೋರಿಕೆ. ಸುತ್ತ ತಂತಿ ಬೇಲಿ ಹಾಕಿಸ್ರಿ. ಗಂಟು ಹಾಕಿದ ದಪ್ಪ ಹಗ್ಗ ನಾಲ್ಕು ಕಡೆ ಗೂಟಕ್ಕೆ ಕಟ್ಟಿ ನೀರಿಗೆ ಇಳಿಬಿಡ್ರಿ, ಹಳೇ ಲಾರಿ ಟ್ಯೂಬು ಒಂದು ಅಲ್ಲೇ ಇಡ್ರಿ. ನಿಮ್ಮ ಹೊಂಡಕ್ಕೆ ಖರ್ಚು ಮಾಡಿದ್ದರಲ್ಲಿ ಇದು ಉಪ್ಪಿನಕಾಯಿಯಷ್ಟು.

ಇನ್ನು ಶುರು ಮಾಡೋದು ಹೆಂಗೆ? ಮನೆ ಬಚ್ಚಲಿಂದಲೇ. ಉಗುರುಬೆಚ್ಚಗಿನ ನೀರು ಮೊದಲು ಕಾಲಿಗೆ, ಆಮೇಲೆ ಭುಜಕ್ಕೆ, ಕೊನೆಗೆ ತಲೆಗೆ. "ಒಂದು, ಎರಡು, ಮೂರು" ಅಂತ ಎಣಿಸಿ ಹಾಕ್ರಿ, ಹೇಳದೆ ಸುರೀಬೇಡ್ರಿ. ಚೊಂಬಿನ ನೀರಿಗೆ ಬಾಯಿಂದ ಗುಳುಗುಳು ಗುಳ್ಳೆ ಬಿಡೋದು ಕಲಿಸ್ರಿ, ಈಜಿನ ಉಸಿರಿಗೆ ಅದೇ ಅ ಆ ಇ ಈ. ಈಜೋ ಬಟ್ಟೆ ಮನೆಯಾಗೇ ನಾಲ್ಕು ದಿನ ಹಾಕ್ಕೊಂಡು ಓಡಾಡಲಿ, ಚುಚ್ಚೋ ಚೀಟಿ ಕತ್ತರಿಸಿ ತೆಗೀರಿ. ಟೋಪಿ ಬಿಗಿಯಾಗುತ್ತೆ ಅಂದ್ರೆ ಕೂದಲು ಚಿಕ್ಕದಾಗಿ ಕತ್ತರಿಸಿ, ಕಲಿಸೋರನ್ನ ಕೇಳಿ ನೋಡ್ರಿ.

ಈಜುಕೊಳಕ್ಕೆ ಮೊದಲನೇ ದಿನ ಇಳಿಸಾಕೇ ಹೋಗಬೇಡ್ರಿ, ಬರೀ ತೋರಿಸ್ಕೊಂಡು ಬರ್ರಿ. ಕ್ಲೋರಿನ್ ವಾಸನೆ, ಸೂರಿಗೆ ಬಡಿದು ವಾಪಸ್ ಬರೋ ಕೂಗಾಟ, ಒದ್ದೆ ನೆಲ ಇವೇ ಇವರಿಗೆ ನೀರಿಗಿಂತ ಕಷ್ಟ. ಸೂರಿಲ್ಲದ ಕೊಳ ಇದ್ರೆ ಒಳ್ಳೇದು, ಜನ ಕಮ್ಮಿ ಇರೋ ಹೊತ್ತು ಇನ್ನೂ ಒಳ್ಳೇದು. ಒಂದೇ ವೇಳೆ, ಒಂದೇ ಜಾಗ, ಒಬ್ಬರೇ ಕಲಿಸೋರು ಇರಲಿ. ಕಲಿಸೋರಿಗೆ ಮೂರು ಮಾತು ಮೊದಲೇ ಹೇಳ್ರಿ: ಉದ್ದ ವಿವರಣೆ ಬೇಡ, ಮಾಡಿ ತೋರಿಸ್ರಿ. ಮುಟ್ಟೋ ಮುಂಚೆ ಹೇಳಿ ಮುಟ್ಟ್ರಿ. ಒಂದು ಸಲಕ್ಕೆ ಒಂದೇ ಕೆಲಸ ಕೊಡ್ರಿ. ಮೊದಲು ಕಲಿಸಬೇಕಾದ್ದು ವೇಗ ಅಲ್ಲ. ಅಂಗಾತ ತೇಲೋದು, ಬಿದ್ದರೆ ಗೋಡೆ ಕಡೆ ತಿರುಗೋದು, ಅಂಚು ಹಿಡಿದು ಮೇಲೆ ಹತ್ತೋದು. ಇಷ್ಟು ಬಂದ್ರೆ ಅರ್ಧ ಗೆದ್ದಂಗೆ. ಬಂತು ಅಂತ ಮೈಮರೆಯಂಗಿಲ್ಲ, ಕೈಚಾಚಿದ್ರೆ ಸಿಗೋಷ್ಟು ದೂರದಾಗೆ ಒಬ್ಬರು ಇರಲೇಬೇಕು, ಮೊಬೈಲು ಚೀಲದಾಗೆ ಇರಲಿ.

ಎಲ್ಲಕ್ಕಿಂತ ಕಷ್ಟ ನೀರಿಂದ ಎಬ್ಬಿಸೋದು. "ಬಾ ಸಾಕು" ಅಂದ್ರೆ ರಂಪ. ನಮ್ಮ ತಂಗಿ ಮಾಡೋದು ಹಿಂಗೆ: ಇನ್ನು ಐದು ಸಲ ಅಂತ ಐದು ಬೆರಳು ತೋರಿಸ್ತಾಳೆ, ಒಂದೊಂದು ಸಲಕ್ಕೂ ಒಂದೊಂದು ಬೆರಳು ಮಡಚ್ತಾಳೆ. ಮುಷ್ಟಿ ಮುಚ್ಚಿದ ಮೇಲೆ ಅವನೇ ಹತ್ತಿ ಬರ್ತಾನೆ. ಎದ್ದ ಮೇಲೆ ಸಿಹಿನೀರಿನ ಸ್ನಾನ, ಮೈಗೆ ಒಂದಿಷ್ಟು ಕೊಬ್ಬರಿ ಎಣ್ಣೆ, ಬುತ್ತಿಯಾಗೆ ಚಪಾತಿ ಜಾಸ್ತಿ ಇರಲಿ, ಹಸಿವು ಅಂದ್ರೆ ಹಸಿವು.

ಹೆಣ್ಣುಮಕ್ಕಳ ವಿಷಯ ಮರೀಬಾರದು. ಗಮನದ ತೊಂದ್ರೆ ಇರೋ ಹುಡುಗಿ ಎಷ್ಟೋ ಸಲ ಹಾರಾಡಲ್ಲ, ಸುಮ್ಮನೆ ಎಲ್ಲೋ ನೋಡ್ತಾ ಕುಂತಿರ್ತಾಳೆ. "ಮಂಕು" ಅಂತ ಹೆಸರಿಟ್ಟು ಸುಮ್ಮನಾಗ್ತೀವಿ. ಅವಳಿಗೂ ಇದೇ ನೀರು ಬೇಕು. ತುಂಬು ತೋಳಿನ, ಮಂಡಿ ಮುಚ್ಚೋ ಈಜುಡುಗೆ ಸಿಗುತ್ತೆ, ನೆಪ ಬೇಡ. ಆಗೋದಾದ್ರೆ ತಾಯಂದ್ರೂ ಕಲೀರಿ. ಮಗು ಜಾರಿದಾಗ ದಡದ ಮೇಲೆ ನಿಂತು ಕೂಗೋ ತಾಯಿಗಿಂತ ಇಳಿಯಾಕೆ ಬರೋ ತಾಯಿ ಮೇಲು.

ಸರ್ಕಾರದ ಕಡೆಯಿಂದ ಏನು ಸಿಗುತ್ತೆ ಅಂತನೂ ತಿಳ್ಕೊಳ್ರಿ. ಅಂಗನವಾಡಿಗೆ, ಶಾಲೆಗೆ ಬಂದು ಮಕ್ಕಳನ್ನ ತಪಾಸಣೆ ಮಾಡೋ ಆರ್‌ಬಿಎಸ್‌ಕೆ ಡಾಕ್ಟರಿಗೆ ಈ ತೊಂದ್ರೆ ಬಾಯಿಬಿಟ್ಟು ಹೇಳ್ರಿ. ಅವರು ಮುಂದಿನ ತಪಾಸಣೆಗೆ ದೊಡ್ಡಾಸ್ಪತ್ರೆಗೆ ಬರೆದು ಕೊಡ್ತಾರೆ. ಇನ್ನೂ ಬೇಕಂದ್ರೆ ಬೆಂಗಳೂರಿನ ನಿಮ್ಹಾನ್ಸ್, ಮೈಸೂರಿನ ವಾಕ್ ಶ್ರವಣ ಸಂಸ್ಥೆ ಅವೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಾಗೆ ಆಟಿಸಂ ಸೇರೈತೆ. ನಿರಾಮಯ ವಿಮೆಯಾಗೆ ವರ್ಷಕ್ಕೆ ಒಂದು ಲಕ್ಷದವರೆಗೆ ಚಿಕಿತ್ಸೆ ಖರ್ಚು ಸಿಗುತ್ತೆ, ಥೆರಪಿಗೂ ಅದರಲ್ಲಿ ಪಾಲೈತೆ.

ಈಜುಕೊಳ ನಡೆಸೋರಿಗೂ ಒಂದು ಮಾತು. ಒಂದು ಕಡೆ ನಮ್ಮ ಹುಡ್ಗನನ್ನ ನೋಡಿ "ಇಂಥವರನ್ನ ಸೇರಿಸ್ಕೊಳಲ್ಲ, ಬೇರೆ ಮಕ್ಕಳ ಅಪ್ಪ ಅಮ್ಮ ತಕರಾರು ಮಾಡ್ತಾರೆ" ಅಂದ್ರು. ತಂಗಿ ಸೆರಗು ಬಾಯಿಗೆ ಒತ್ತಿಕೊಂಡು ಬಂದಳು. ಇನ್ನೊಂದು ಕಡೆ ಕಲಿಸೋರು ಬೆಳಗಿನ ಮೊದಲ ಹೊತ್ತು ಬರ್ರಿ, ಆಗ ಸೀಟಿ ಊದಲ್ಲ ಅಂದ್ರು. ಎರಡೂ ಕಡೆ ನೀರು ಒಂದೇ, ಶುಲ್ಕನೂ ಹೆಚ್ಚುಕಮ್ಮಿ ಒಂದೇ. ವಾರಕ್ಕೆ ಒಂದೇ ಒಂದು ಗಂಟೆ, ಪಾಟಿಲ್ಲದೆ ಸೀಟಿಯಿಲ್ಲದೆ ಇಂಥ ಮಕ್ಕಳಿಗೆ ಅಂತ ಬಿಟ್ಟುಕೊಟ್ರೆ ಯಾರ ಗಂಟೂ ಹೋಗಲ್ಲ.

ಬೇಸಿಗೆ ರಜ ಬಂದ್ರೆ ನಿಮ್ಮ ಮನೆಗೆ ಅಕ್ಕನ ಮಕ್ಕಳು, ನಾದಿನಿ ಮಕ್ಕಳು ಬರ್ತಾರೆ. ಅವರಲ್ಲಿ ಕುಂತಲ್ಲಿ ಕೂರದವನೊಬ್ಬ ಇದ್ರೆ, ಅವನ ಅಮ್ಮನಿಗೆ ಬುದ್ಧಿ ಹೇಳಾಕೆ ಹೋಗಬೇಡ್ರಿ, ಅವಳು ಸಾಕಷ್ಟು ಕೇಳಿರ್ತಾಳೆ. "ವಾರಕ್ಕೆರಡು ದಿನ ಈಜಿಗೆ ನಾನು ಕರ್ಕೊಂಡು ಹೋಗ್ತೀನಿ, ನೀನು ಸ್ವಲ್ಪ ಮಲಗು" ಅಂತ ಹೇಳ್ರಿ. ನೀರು ಮಗೂನ ಹಿಡ್ಕೊಳ್ಳುತ್ತೆ. ತಾಯಿನ ಹಿಡ್ಕೊಳ್ಳೋ ಕೆಲಸ ಮಾತ್ರ ನಮ್ಮದು.